ಮೂರು ಗಂಡು, ಎರಡು ಹೆಣ್ಣು: ಚುಕ್ಕಿಯನ್ನು ಕಾಪಾಡೋದು ಹೇಗೆ?

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಐದು ಬಾತುಕೋಳಿಗಳಿವೆ. ಮೂರು ಗಂಡು, ಎರಡು ಹೆಣ್ಣು. ಎಲ್ಲವೂ ಒಂದೇ ಸಲ ಮರಿಯಾಗಿ ಬಂದವು, ಈಗ ಏಳು ತಿಂಗಳಾಗಿದೆ. ಎರಡು ತಿಂಗಳಿಂದ ಗಂಡುಗಳು ಚುಕ್ಕಿ ಅನ್ನುವ ಹೆಣ್ಣಿನ ಬೆನ್ನು ಬಿಡುತ್ತಿಲ್ಲ. ಅವಳ ಕತ್ತಿನ ಹಿಂದೆ ಪುಕ್ಕ ಹೋಗಿ ಚರ್ಮ ಕಾಣುತ್ತಿದೆ. ನಿನ್ನೆ ರಕ್ತವೂ ಬಂತು, ಒಂದು ಕಾಲು ಕುಂಟುತ್ತಿದ್ದಾಳೆ. ಅವಳೊಬ್ಬಳನ್ನೇ ಬೇರೆ ಇಟ್ಟರೆ ದಿನವಿಡೀ ಕೂಗುತ್ತಾಳೆ. ಗಂಡುಗಳನ್ನು ಯಾರಿಗೂ ಕೊಡಲು ಮನಸ್ಸಿಲ್ಲ. ಇನ್ನೊಂದೆರಡು ಹೆಣ್ಣು ತಂದರೆ ಸರಿಹೋಗುತ್ತದಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ ಬನ್ನಿ, ಆಮೇಲೆ ಮುಂದೆ ಓದಿ. ಮೂರೂ ಗಂಡುಗಳನ್ನು ಹಿತ್ತಲಿನ ಒಂದು ಬದಿಗೆ ಹಾಕಿ, ನಡುವೆ ಅಡ್ಡ ಕಟ್ಟಿ. ತಂತಿ ಜಾಲರಿ, ಹಳೇ ಬಾಗಿಲು, ಹಲಗೆ, ಯಾವುದಾದರೂ ಸರಿ. ಮೂರಡಿ ಎತ್ತರ ಇದ್ದರೆ ಇವತ್ತಿನ ಮಟ್ಟಿಗೆ ಸಾಕು. ಸಾಕು ಬಾತುಗಳಲ್ಲಿ ಹೆಚ್ಚಿನವು ಮೈಭಾರಕ್ಕೆ ಅಷ್ಟು ಹಾರಲಾರವು. ಮುಖದ ಮೇಲೆ ಕೆಂಪು ಗಂಟುಗಳಿರುವ ಮಸ್ಕೋವಿ ಜಾತಿಯವಾದರೆ ಮಾತ್ರ ಮೇಲೂ ಜಾಲರಿ ಬೇಕು, ಅವು ಹಾರುತ್ತವೆ. ರಕ್ತ ಕಂಡ ಮೇಲೆ "ನಾಳೆ ನೋಡೋಣ" ಅನ್ನುವ ಹಾಗಿಲ್ಲ. ಮೂರು ಗಂಡು ಸೇರಿದರೆ ಒಂದೇ ಬೆಳಗಿನ ಹೊತ್ತಲ್ಲಿ ಹೆಣ್ಣನ್ನು ಏಳಲಾಗದ ಹಾಗೆ ಮಾಡಬಲ್ಲವು.

ಬೇರೆ ಇಡಬೇಕಾದದ್ದು ಗಂಡುಗಳನ್ನು, ಚುಕ್ಕಿಯನ್ನಲ್ಲ. ಹೆಚ್ಚಿನವರು ಇಲ್ಲೇ ತಪ್ಪುತ್ತಾರೆ, ನಾನೂ ತಪ್ಪಿದ್ದೆ. ಬಾತು ಸಾಕಲು ಶುರು ಮಾಡಿದ ಹೊಸತರಲ್ಲಿ ಗಾಯವಾದ ಹೆಣ್ಣೊಂದನ್ನು ಎತ್ತಿಕೊಂಡು ಬಂದು ಒಳಗೆ ಪೆಟ್ಟಿಗೆಯಲ್ಲಿ ಇಟ್ಟೆ. ಅವಳು ಸುರಕ್ಷಿತವಾಗಿದ್ದಾಳೆ ಅಂತ ನೆಮ್ಮದಿಯಾಗಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ಗೂಡು ತೆಗೆದು ನೋಡಿದರೆ ಹೊರಗಿದ್ದ ಇನ್ನೊಂದು ಹೆಣ್ಣಿನ ಕತ್ತು ಹಸಿ ಗಾಯವಾಗಿತ್ತು. ಇಬ್ಬರ ಮೇಲೆ ಹಂಚಿ ಹೋಗುತ್ತಿದ್ದ ಕಾಟವೆಲ್ಲ ಒಬ್ಬಳ ಮೇಲೆ ಬಿದ್ದಿತ್ತು. ಆ ಹಕ್ಕಿಯ ಮುಂದೆ ಕೂತು ಅತ್ತಿದ್ದೆ. ನಿಮ್ಮ ಇನ್ನೊಂದು ಹೆಣ್ಣಿಗೂ ಹಾಗೆ ಆಗಬಾರದು.

ಚುಕ್ಕಿ ದಿನವಿಡೀ ಕೂಗುವುದಕ್ಕೂ ಉತ್ತರ ಇದರಲ್ಲೇ ಇದೆ. ಬಾತು ಹಿಂಡಿನ ಪ್ರಾಣಿ. ಒಂಟಿಯಾದರೆ ಅದಕ್ಕೆ ಗಾಯಕ್ಕಿಂತ ಭಯವೇ ಜಾಸ್ತಿ. ಮೇವು ಬಿಡುತ್ತದೆ, ಸೊರಗುತ್ತದೆ. ಗಂಡುಗಳನ್ನು ಆಚೆ ಹಾಕಿ ಇಬ್ಬರು ಹೆಣ್ಣುಗಳನ್ನು ಒಟ್ಟಿಗೆ ಬಿಟ್ಟು ನೋಡಿ. ಅವಳ ಜಾಗ ಅವಳದೇ, ಜೊತೆಗಾತಿಯೂ ಪಕ್ಕದಲ್ಲೇ. ಎಷ್ಟೋ ಸಲ ಅವತ್ತು ಸಂಜೆಯೇ ಕೂಗು ನಿಂತಿರುತ್ತದೆ. ಇನ್ನೊಂದು ಲಾಭವೂ ಇದೆ. ಹಿಂಡಿನಿಂದ ವಾರಗಟ್ಟಲೆ ದೂರ ಇದ್ದ ಹೆಣ್ಣು ವಾಪಸ್ ಹೋದಾಗ ಹೊಸಬಳ ಹಾಗೆ ಮತ್ತೆ ಪೆಟ್ಟು ತಿನ್ನುತ್ತಾಳೆ. ಚುಕ್ಕಿಗೆ ಆ ಕಷ್ಟ ಇರುವುದಿಲ್ಲ. ಜೊತೆಯ ಹೆಣ್ಣೇ ಗಾಯವನ್ನು ಕುಕ್ಕುತ್ತಿದ್ದರೆ ಮಾತ್ರ ನಡುವೆ ಜಾಲರಿ ಇಟ್ಟು, ಒಬ್ಬರಿಗೊಬ್ಬರು ಕಾಣುವ ಹಾಗೆ ಮಲಗಿಸಿ.

ಈಗ ಗಾಯ ನೋಡೋಣ. ಚುಕ್ಕಿಯನ್ನು ಕಾಲು ಹಿಡಿದು ಎತ್ತಬೇಡಿ, ಬಾತಿನ ಕಾಲು ಬಹಳ ನಾಜೂಕು. ಎರಡೂ ರೆಕ್ಕೆ ಮೈಗೆ ಒತ್ತುವ ಹಾಗೆ ಟವೆಲ್ ಸುತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಿ. ಎದೆ ಬಿಗಿಯಾಗಬಾರದು, ಹಕ್ಕಿಗಳು ಉಸಿರಾಡಲು ಎದೆ ಆಡಬೇಕು. ಕತ್ತಿನ ಹಿಂದೆ ಉಳಿದ ಪುಕ್ಕಗಳ ಮೇಲೆ ಮೆಲ್ಲಗೆ ಬಾಯಿಂದ ಊದಿ. ಪುಕ್ಕ ಸರಿದು ಅಡಿಯ ಚರ್ಮ ಕಾಣುತ್ತದೆ. ಮೇಲಿಂದ ಬೆರಳುಗುರಿನಷ್ಟು ಕಾಣುವ ಗಾಯ ಒಳಗೆ ಎರಡು ಬೆರಳಗಲ ಇರುವುದುಂಟು. ನೀಲಿಗಟ್ಟಿದೆಯಾ, ಬಾವು ಇದೆಯಾ, ವಾಸನೆ ಬರುತ್ತಿದೆಯಾ ನೋಡಿ. ಬೆನ್ನಿನ ಮೇಲೆ, ರೆಕ್ಕೆಯ ಬುಡದಲ್ಲಿ, ಬಾಲದ ಕೆಳಗೆ ಮಲದ್ವಾರದ ಸುತ್ತಲೂ ಹೀಗೆಯೇ ಊದಿ ನೋಡಿ. ಗಂಡು ಹತ್ತುವಾಗ ಅದರ ಉಗುರು ಬೆನ್ನಿನ ಎರಡೂ ಬದಿ ಗೀರುತ್ತದೆ. ಪುಕ್ಕ ದಟ್ಟವಾಗಿರುವಲ್ಲಿ ಆ ಗೀರು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಲೀಟರ್ ನೀರು ಕುದಿಸಿ ಆರಿಸಿ, 9 ಗ್ರಾಂ ಉಪ್ಪು ಹಾಕಿ. ಅಂದರೆ ಸುಮಾರು ಒಂದೂವರೆ ಟೀ ಚಮಚ. ಆ ನೀರನ್ನು ಸಿರಿಂಜಿನಲ್ಲಿ ತುಂಬಿ ಗಾಯದ ಮೇಲೆ ಧಾರೆಯಾಗಿ ಬಿಟ್ಟು ಕೊಳೆ ತೊಳೆಯಿರಿ. ಹತ್ತಿ ಹಾಕಿ ಉಜ್ಜಬೇಡಿ, ಎಳೆ ಅಂಟಿಕೊಳ್ಳುತ್ತದೆ. ಆಮೇಲೆ ಗಾಯಕ್ಕೆ ಹಚ್ಚುವ ಕಂದು ಔಷಧಿ ಪೊವಿಡೋನ್ ಅಯೋಡಿನ್ ಅನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಿ. ದಿನಕ್ಕೆ ಎರಡು ಸಲ ಸಾಕು. ಮನುಷ್ಯರ ನೋವಿನ ಮಾತ್ರೆ ಅರ್ಧ ಕಾಲು ಮಾಡಿ ಕೊಡುವ ಯೋಚನೆ ಖಂಡಿತ ಬೇಡ.

ಗಾಯಕ್ಕಿಂತ ನನಗೆ ಹೆದರಿಕೆ ನೊಣದ್ದು. ಒದ್ದೆ ಪುಕ್ಕ, ಹಸಿ ಗಾಯ, ಎರಡೂ ಸೇರಿದರೆ ನೊಣ ಅಲ್ಲೇ ಮೊಟ್ಟೆ ಇಡುತ್ತದೆ. ಬಿಳಿ ಹಿಟ್ಟಿನ ಉಂಡೆ ಪುಕ್ಕದ ಬುಡಕ್ಕೆ ಅಂಟಿದ ಹಾಗೆ ಕಾಣುತ್ತದೆ. ಒಂದು ದಿನ ಕಳೆಯುವುದರೊಳಗೆ ಒಡೆದು ಹುಳ ಆಗಿ ಮಾಂಸಕ್ಕೆ ಇಳಿಯುತ್ತದೆ. ಅದಕ್ಕೇ ಗಾಯ ಒಣಗುವ ತನಕ ಬೆಳಿಗ್ಗೆ, ಸಂಜೆ ತಪ್ಪದೆ ನೋಡಬೇಕು. ಹುಳ ಒಂದು ಕಂಡರೂ ಅವತ್ತೇ ಪಶುವೈದ್ಯರ ಹತ್ತಿರ ಒಯ್ಯಿರಿ. ಗಾಯದೊಳಗೆ ಕೆಂಪು ಮಾಂಸ ಕಂಡರೂ ಹಾಗೆಯೇ. ಕಣ್ಣು ಊದಿದ್ದರೆ, ಮಲದ್ವಾರದಿಂದ ಏನಾದರೂ ಹೊರಬಂದಿದ್ದರೆ, ಒಂದು ಇಡೀ ದಿನ ಮೇವು ಮುಟ್ಟದಿದ್ದರೆ ಕಾಯಬೇಡಿ.

ಕುಂಟುವ ಕಾಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೊಡೆಯಿಂದ ಪಾದದವರೆಗೆ ಎರಡೂ ಕಾಲನ್ನು ಒಟ್ಟಿಗೆ ಮುಟ್ಟಿ ಹೋಲಿಸಿ. ಒಂದು ಬಿಸಿಯಾಗಿದ್ದರೆ, ದಪ್ಪವಾಗಿದ್ದರೆ, ಅಸಹಜವಾಗಿ ತೂಗುತ್ತಿದ್ದರೆ ವೈದ್ಯರೇ ನೋಡಬೇಕು. ಊರಿ ನಡೆಯುತ್ತಿದ್ದಾಳೆ, ಸ್ವಲ್ಪ ಎಳೆಯುತ್ತಾಳೆ ಅಷ್ಟೇ ಅಂದರೆ ಬಹುಶಃ ಭಾರ ಬಿದ್ದು ಉಳುಕಿರುತ್ತದೆ. ಮೆತ್ತನೆಯ ಒಣ ಹುಲ್ಲು ಹಾಸಿ, ನೀರು ಮೇವು ಹತ್ತಿರದಲ್ಲೇ ಇಟ್ಟು ಒಂದೆರಡು ವಾರ ವಿಶ್ರಾಂತಿ ಕೊಡಿ. ಜೊತೆಗೆ ಮೇವಿನ ಕಡೆ ಒಮ್ಮೆ ನೋಡಿ. ನಯಾಸಿನ್ ಅನ್ನುವ ಬಿ ವಿಟಮಿನ್ ಕೋಳಿಗಿಂತ ಬಾತಿಗೆ ಜಾಸ್ತಿ ಬೇಕು, ಒಂದು ಕೆಜಿ ಮೇವಿಗೆ ಸುಮಾರು 55 ಮಿಲಿಗ್ರಾಂ. ಬರೀ ಕೋಳಿ ಮೇವು ತಿಂದು ಬೆಳೆದ ಬಾತಿನ ಕಾಲು ಮೊದಲೇ ಬಲ ಕಡಿಮೆಯಾಗಿದ್ದರೆ, ಮೇಲೆ ಗಂಡು ಹತ್ತಿದಾಗ ಅದು ತಡೆಯುವುದಿಲ್ಲ. ಮೇವಿಗೆ ಸ್ವಲ್ಪ ಬ್ರೂವರ್ಸ್ ಯೀಸ್ಟ್ (ಬಿ ವಿಟಮಿನ್ ಇರುವ ಯೀಸ್ಟ್ ಪುಡಿ) ಬೆರೆಸಿದರೆ ಆ ಕೊರತೆ ತುಂಬುತ್ತದೆ.

ಇಷ್ಟು ಮಾಡಿದ ಮೇಲೆ ಉಸಿರು ಬಿಡಿ. ಇನ್ನು, ಯಾಕೆ ಹೀಗಾಯಿತು ಅನ್ನುವುದು. ನಿಮ್ಮ ಗಂಡುಗಳು ಕೆಟ್ಟವಲ್ಲ, ರೋಗ ಬಂದವೂ ಅಲ್ಲ. ಬಾತು ನಾಲ್ಕರಿಂದ ಆರು ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ. ಎರಡು ತಿಂಗಳಿಂದ ಶುರುವಾಯಿತು ಅಂದಿರಲ್ಲ, ಲೆಕ್ಕ ಸರಿಯಾಗಿ ಕೂಡುತ್ತದೆ. ಹಗಲು ಉದ್ದವಾಗುವ ತಿಂಗಳುಗಳಲ್ಲಿ ಅವುಗಳ ಮೈಯಲ್ಲಿ ಹಾರ್ಮೋನು ಏರುತ್ತದೆ. ಬೆದೆಕಾಲ ಮುಗಿದು ಪುಕ್ಕ ಉದುರಿಸುವ ಹೊತ್ತಿಗೆ ತಾನಾಗಿ ಇಳಿಯುತ್ತದೆ. ನಾಲ್ಕು ತಿಂಗಳ ಕೆಳಗೆ ಒಂದೇ ಬುಟ್ಟಿಯಲ್ಲಿ ಕತ್ತು ಸೇರಿಸಿ ಮಲಗುತ್ತಿದ್ದವು ಹೀಗೆ ಮಾಡುವುದನ್ನು ನೋಡುವುದು ಸಂಕಟವೇ. ಆದರೆ ಅವಕ್ಕೆ ಬೈದು, ನೀರು ಎರಚಿ, ಹೊಡೆದು ಏನೂ ಆಗುವುದಿಲ್ಲ. ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ ಅಷ್ಟೇ.

ಸಹಜವಾಗಿ ಕೂಡುವುದು ಹೇಗಿರುತ್ತದೆ ಅಂತ ತಿಳಿದಿದ್ದರೆ ಕಾಟ ಯಾವುದು ಅಂತ ತಾನಾಗಿ ಗೊತ್ತಾಗುತ್ತದೆ. ನೀರಿನಲ್ಲಿ ಜೋಡಿ ಎದುರುಬದುರಾಗಿ ನಿಲ್ಲುತ್ತದೆ. ಎರಡೂ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತವೆ, ಒಂದರ ತಾಳಕ್ಕೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಹೆಣ್ಣು ತಾನೇ ಕತ್ತು ಚಾಚಿ ನೀರಿನ ಮಟ್ಟಕ್ಕೆ ಚಪ್ಪಟೆಯಾಗುತ್ತಾಳೆ. ಗಂಡು ಕತ್ತಿನ ಹಿಂದಿನ ಪುಕ್ಕ ಕಚ್ಚಿ ಹಿಡಿದು ಹತ್ತುತ್ತದೆ, ಕೆಲವೇ ಸೆಕೆಂಡಿನಲ್ಲಿ ಇಳಿಯುತ್ತದೆ. ಆಮೇಲೆ ಹೆಣ್ಣು ಮುಳುಗಿ ಎದ್ದು, ರೆಕ್ಕೆ ಬಡಿದು, ಜೋರಾಗಿ ಸ್ನಾನ ಮಾಡುತ್ತಾಳೆ. ಗಂಡಿನ ಭಾರವನ್ನು ನೀರು ಹೊರುತ್ತದೆ, ಕತ್ತಿನ ಒಂದೆರಡು ಪುಕ್ಕ ಹೋದರೂ ಗಾಯವಾಗುವುದಿಲ್ಲ. ಕತ್ತಿನ ಪುಕ್ಕ ಸ್ವಲ್ಪ ಒದ್ದೆಯಾಗಿ ಕೆದರಿರುವುದು ಬೆದೆಕಾಲದಲ್ಲಿ ಸಾಮಾನ್ಯ.

ನಿಮ್ಮಲ್ಲಿ ನಡೆಯುತ್ತಿರುವುದು ಬೇರೆ. ಹೆಣ್ಣು ಓಡುತ್ತಾಳೆ, ಮೂಲೆಗೆ ಸಿಕ್ಕುತ್ತಾಳೆ. ಒಂದು ಗಂಡು ಕತ್ತು ಕಚ್ಚುತ್ತದೆ, ಅದು ಇಳಿಯುವ ಮೊದಲೇ ಇನ್ನೊಂದು ಹತ್ತುತ್ತದೆ. ಒಂದು ಹತ್ತಿದ್ದು ಕಂಡರೆ ಉಳಿದವೂ ಓಡಿ ಬರುತ್ತವೆ, ಅದು ಅವುಗಳ ಸ್ವಭಾವ. ಗಟ್ಟಿ ನೆಲದ ಮೇಲಾದರೆ ಅಷ್ಟೂ ಭಾರ ಅವಳ ಕಾಲಿಗೆ, ಸೊಂಟಕ್ಕೆ. ನೀರಿನಲ್ಲಾದರೆ ಇನ್ನೂ ಅಪಾಯ. ಮೂರು ಗಂಡು ಸೇರಿ ಒತ್ತಿದರೆ ತಲೆ ಮೇಲೆತ್ತಲಾಗದೆ ಹೆಣ್ಣು ಮುಳುಗಿ ಸಾಯುತ್ತಾಳೆ. ಬಾತು ನೀರಿನಲ್ಲಿ ಮುಳುಗಿ ಸಾಯುತ್ತಾ ಅಂತ ಕೇಳುವವರಿದ್ದಾರೆ. ಹೌದು, ಹೀಗೆ ಸಾಯುತ್ತದೆ. ಆದ್ದರಿಂದ ಗಂಡು ಹೆಣ್ಣು ಒಟ್ಟಿಗೆ ಕೊಳಕ್ಕೆ ಇಳಿಯುವುದು ಸದ್ಯಕ್ಕೆ ಪೂರ್ತಿ ನಿಲ್ಲಲಿ.

ಈ ಒತ್ತಾಯ ಬಾತುಗಳಲ್ಲಿ ಎಷ್ಟು ಹಳೆಯದು ಅಂದರೆ ಹೆಣ್ಣಿನ ದೇಹವೇ ಅದಕ್ಕೆ ಎದುರಾಗಿ ಬದಲಾಗಿದೆ. ಹೆಚ್ಚಿನ ಹಕ್ಕಿಗಳಲ್ಲಿ ಗಂಡಿಗೆ ಲಿಂಗ ಇರುವುದಿಲ್ಲ, ಬಾತಿಗೆ ಇದೆ, ಅದೂ ತಿರುಪಿನ ಹಾಗೆ ಸುತ್ತಿಕೊಂಡದ್ದು. ಹೆಣ್ಣಿನ ಒಳದಾರಿ ಅದಕ್ಕೆ ವಿರುದ್ಧ ದಿಕ್ಕಿಗೆ ಸುತ್ತಿದೆ, ನಡುವೆ ಮುಚ್ಚಿದ ಅಡ್ಡದಾರಿಗಳೂ ಇವೆ. 2007ರಲ್ಲಿ ಜೀವವಿಜ್ಞಾನಿ ಪ್ಯಾಟ್ರಿಷಿಯಾ ಬ್ರೆನನ್ ಮತ್ತು ಅವರ ಜೊತೆಗಾರರು ಇದನ್ನು ವಿವರವಾಗಿ ತೋರಿಸಿದರು. ತನಗೆ ಬೇಡದ ಗಂಡಿನಿಂದ ಮೊಟ್ಟೆ ಫಲಿಸದ ಹಾಗೆ ತಡೆಯುವ ಏರ್ಪಾಡು ಅದು. ಆದರೆ ಕತ್ತಿಗೆ, ಬೆನ್ನಿಗೆ, ಕಾಲಿಗೆ ಅಂಥ ರಕ್ಷಣೆ ಇಲ್ಲ. ಕಾಡಿನ ಹೆಣ್ಣು ಬಾತು ಬೇಡ ಅನ್ನಿಸಿದರೆ ಹಾರಿ ಹೋಗುತ್ತಾಳೆ. ಚುಕ್ಕಿ ಹಾರಲಾರಳು, ಹಿತ್ತಲಿಗೆ ಬೇಲಿಯೂ ಇದೆ. ಅವಳಿಗೆ ಹೋಗಲು ಜಾಗವೇ ಇಲ್ಲ. ಆ ಜಾಗವನ್ನು ನಾವೇ ಮಾಡಿಕೊಡಬೇಕು, ಅಲ್ವಾ?

ಇಲ್ಲಿಗೆ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ, ಇನ್ನೊಂದೆರಡು ಹೆಣ್ಣು ತಂದರೆ ಸಾಕಾ ಅನ್ನುವುದು. ಸಾಲದು. ಒಂದು ಗಂಡಿಗೆ ಕಡಿಮೆಯೆಂದರೂ ನಾಲ್ಕರಿಂದ ಆರು ಹೆಣ್ಣು ಇರಬೇಕು. ಖಾಕಿ ಕ್ಯಾಂಪ್‌ಬೆಲ್‌ನಂಥ ಹಗುರ, ಚುರುಕು ಜಾತಿಯ ಗಂಡಿಗೆ ಆರಕ್ಕೆ ಕಡಿಮೆ ಬೇಡ. ಮೂರು ಗಂಡಿಗೆ ಅಂದರೆ ಹನ್ನೆರಡರಿಂದ ಹದಿನೆಂಟು ಹೆಣ್ಣು. ಅಷ್ಟಕ್ಕೆ ಜಾಗ, ನೀರು, ಮೇವು, ದಿನಾ ಗೂಡು ತೊಳೆಯುವ ಕೈ, ಎಲ್ಲ ಇದೆಯಾ ಯೋಚಿಸಿ. ಒಂದೆರಡು ತಂದರೆ ಇವತ್ತು ಒಂದು ಕತ್ತಿಗೆ ಇರುವ ಗಾಯ ನಾಳೆ ನಾಲ್ಕು ಕತ್ತಿಗೆ ಆಗುತ್ತದೆ. ಅಷ್ಟು ಹೆಣ್ಣಿದ್ದರೂ ಕೆಲವು ಗಂಡುಗಳು ಒಬ್ಬಳನ್ನೇ ಹಿಡಿದುಕೊಳ್ಳುತ್ತವೆ. ಸಾಮಾನ್ಯವಾಗಿ ಕುಂಟುವವಳು, ಮೆತ್ತಗಿನವಳು, ಓಡಲಾಗದವಳು. ಲೆಕ್ಕ ಸರಿ ಇದೆ ಅಂತ ಕಣ್ಣು ಮುಚ್ಚಿಕೊಳ್ಳುವ ಹಾಗಿಲ್ಲ.

ಹಾಗಾದರೆ ದಾರಿ ಎರಡೇ. ಗಂಡುಗಳನ್ನು ಕೊಡುವುದು, ಇಲ್ಲವೇ ಕಾಯಂ ಆಗಿ ಬೇರೆ ಸಾಕುವುದು.

ಕೊಡಲು ಮನಸ್ಸಿಲ್ಲ ಅಂದಿರಿ. ಬಲವಂತ ಮಾಡುವುದಿಲ್ಲ, ಯಾಕೆಂದರೆ ಎರಡನೇ ದಾರಿ ನಿಜವಾಗಿಯೂ ಚೆನ್ನಾಗಿ ನಡೆಯುತ್ತದೆ. ಬರೀ ಗಂಡುಗಳ ಹಿಂಡು ಕಾದಾಡಿ ಸಾಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಒಟ್ಟಿಗೆ ಬೆಳೆದ ಗಂಡುಗಳು, ಕಣ್ಣೆದುರಿಗೆ ಹೆಣ್ಣಿಲ್ಲದಿದ್ದರೆ, ಸಾಮಾನ್ಯವಾಗಿ ಹಾಯಾಗಿರುತ್ತವೆ. ಮೊದಲ ಒಂದು ವಾರ ಬೇಲಿಯುದ್ದಕ್ಕೂ ಓಡಾಡುತ್ತವೆ, ಒಂದರ ಮೇಲೊಂದು ಹತ್ತುವುದೂ ಉಂಟು. ಆಮೇಲೆ ಮೇಯುವುದು, ಈಜುವುದು, ಮಲಗುವುದು ಅಷ್ಟೇ. "ಕಣ್ಣೆದುರಿಗೆ ಇಲ್ಲದಿದ್ದರೆ" ಅನ್ನುವುದನ್ನು ಮರೆಯಬೇಡಿ. ಇವತ್ತು ಅವಸರಕ್ಕೆ ಜಾಲರಿ ಕಟ್ಟಿದ್ದರೆ ನಾಳೆ ಅದರ ಕೆಳಗಿನ ಎರಡೂವರೆ ಅಡಿಗೆ ಹಲಗೆಯೋ ತಟ್ಟಿಯೋ ದಪ್ಪ ಬಟ್ಟೆಯೋ ಬಿಗಿಯಿರಿ. ದನಿ ಕೇಳಿದರೂ ಪರವಾಗಿಲ್ಲ, ಒಬ್ಬರಿಗೊಬ್ಬರು ಕಾಣಬಾರದು. ಹೆಣ್ಣು ದಿನವಿಡೀ ಜಾಲರಿಯಾಚೆ ಕಾಣುತ್ತಿದ್ದರೆ ಗಂಡುಗಳು ಅದರ ಸಿಟ್ಟನ್ನು ತಮ್ಮತಮ್ಮಲ್ಲೇ ತೀರಿಸಿಕೊಳ್ಳುತ್ತವೆ.

ಎರಡೂ ಕಡೆ ಬೇರೆ ಬೇರೆ ಗೂಡು ಬೇಕು. ಒಳಗೆ ತಲೆಗೆ ನಾಲ್ಕು ಚದರ ಅಡಿ ಕಡಿಮೆ ಆಗದಿರಲಿ, ಹೊರಗೆ ಎಷ್ಟು ಜಾಗ ಕೊಟ್ಟರೂ ಒಳ್ಳೆಯದೇ. ಹಗಲು ಬೇರೆ ಇಟ್ಟು, ಕತ್ತಲಾದ ಮೇಲೆ ನಾಯಿ ನರಿಗೆ ಹೆದರಿ ಐದನ್ನೂ ಒಂದೇ ಗೂಡಿಗೆ ತುಂಬುವವರಿದ್ದಾರೆ. ಅದಕ್ಕಿಂತ ಕೆಟ್ಟದ್ದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಗಂಡುಗಳ ಕಾಟ ಜೋರು, ಆಗಲೇ ಹೆಣ್ಣು ಮೊಟ್ಟೆ ಇಡಲು ಕೂತಿರುತ್ತಾಳೆ, ಬಾಗಿಲು ಮುಚ್ಚಿರುತ್ತದೆ. ಗಂಡುಗಳ ಗೂಡಿಗೆ ರಾತ್ರಿ ದೀಪ ಹಾಕಬೇಡಿ, ಬೆಳಕು ಹೆಚ್ಚಾದಷ್ಟೂ ಅವುಗಳ ಬೆದೆ ಹೆಚ್ಚುತ್ತದೆ. ಬೇರೆ ಮಾಡಿದ ಮೇಲೆ ಮೇವಿನಲ್ಲೂ ಒಂದು ಅನುಕೂಲ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ ಜಾಸ್ತಿ, ವರ್ಷಗಟ್ಟಲೆ ತಿಂದರೆ ಗಂಡಿನ ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ಈಗ ಅವಕ್ಕೆ ಬೇರೆ ಮೇವು ಕೊಡಬಹುದು.

ಮೊಟ್ಟೆಯ ಚಿಂತೆ ಬೇಡ. ಗಂಡಿಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡುತ್ತಾಳೆ, ಮರಿಯಾಗುವುದಿಲ್ಲ ಅಷ್ಟೇ. ಬೇರೆ ಮಾಡಿದ ಮೇಲೂ ಒಂದೆರಡು ವಾರ ಫಲಿತ ಮೊಟ್ಟೆ ಬರಬಹುದು. ಕಾವಿಗೆ ಇಡುವ ಆಸೆಯಿದ್ದರೆ ಒಂದು ಮಾತು: ಒಡೆದು ಬರುವ ಮರಿಗಳಲ್ಲಿ ಸರಿಸುಮಾರು ಅರ್ಧ ಗಂಡೇ. ಹತ್ತು ಮರಿ ಮಾಡಿಸಿದರೆ ಐದು ಗಂಡು. ಅವುಗಳಿಗೆ ಜಾಗ ಎಲ್ಲಿ ಅಂತ ಮೊದಲು ತೀರ್ಮಾನಿಸಿ, ಆಮೇಲೆ ಕಾವಿಗೆ ಇಡಿ.

ಬೇರೆ ಕೆಲವು ಉಪಾಯಗಳನ್ನೂ ನಿಮಗೆ ಯಾರಾದರೂ ಹೇಳುತ್ತಾರೆ. ಬೆನ್ನಿಗೆ ಕಟ್ಟುವ ಬಟ್ಟೆಯ ಕವಚ ಕೋಳಿಗೆ ಸರಿ. ಬಾತಿಗೆ ಗಾಯವಾಗುವುದು ಕತ್ತಿಗೆ, ಕವಚ ಅಲ್ಲಿಗೆ ಬರುವುದೇ ಇಲ್ಲ. ನೀರಿಗಿಳಿದರೆ ನೆನೆದು ಭಾರವಾಗುತ್ತದೆ, ಅಡಿಯಲ್ಲಿ ಪುಕ್ಕ ಕೊಳೆಯುತ್ತದೆ. ಗಂಡಿನ ಕೊಕ್ಕು ಕತ್ತರಿಸುವುದು ಕ್ರೂರ. ಕೊಕ್ಕಿನ ತುದಿ ಬಾತಿಗೆ ಬೆರಳಿದ್ದ ಹಾಗೆ, ಕೆಸರಲ್ಲಿ ಮೇವು ಹುಡುಕುವುದೇ ಅದರಿಂದ. ಬೀಜ ಒಡೆಸುವುದು ದನಕರುಗಳಲ್ಲಿ ಸುಲಭ. ಬಾತಿನಲ್ಲಿ ಅದು ಹೊಟ್ಟೆಯೊಳಗೆ ಮೂತ್ರಪಿಂಡದ ಹತ್ತಿರ ಇರುತ್ತದೆ, ಆಪರೇಷನ್ ಅಪಾಯದ್ದು. ಹಕ್ಕಿಗಳನ್ನು ನೋಡುವ ಕೆಲವು ವೈದ್ಯರು ಚರ್ಮದಡಿ ಹಾರ್ಮೋನಿನ ಗುಳಿಗೆ ಇಡುತ್ತಾರೆ. ಅದರ ಫಲ ಕೆಲವು ತಿಂಗಳು ಮಾತ್ರ, ಎಲ್ಲ ಬಾತಿಗೂ ಒಂದೇ ರೀತಿ ಕೆಲಸ ಮಾಡುವುದಿಲ್ಲ.

ಗಂಡು ಬಾತಿನ ಜೊತೆ ಹೇಟೆ ಕೋಳಿಗಳೂ ಇದ್ದರೆ ಅವನ್ನೂ ಬೇರೆ ಮಾಡಿ. ಹೆಣ್ಣು ಬಾತು ಸಿಗದ ಗಂಡು ಕೋಳಿಯ ಮೇಲೆ ಹೋಗುತ್ತದೆ. ಕೋಳಿಯ ದೇಹ ಅದಕ್ಕೆ ಆದದ್ದಲ್ಲ, ಒಳಗೆ ಹರಿದು ಸತ್ತೇಹೋಗಬಹುದು.

ಒಂದನ್ನಾದರೂ ಹೆಣ್ಣುಗಳ ಜೊತೆ ಬಿಡಬೇಕು ಅನ್ನಿಸಿದರೆ, ಎರಡು ಹೆಣ್ಣಿಗೆ ಒಂದು ಗಂಡೂ ಹೆಚ್ಚೇ. ಮೊದಲು ಹೆಣ್ಣುಗಳ ಸಂಖ್ಯೆ ನಾಲ್ಕೈದಕ್ಕೆ ಏರಲಿ. ಹೊಸದಾಗಿ ತಂದವನ್ನು ಒಂದು ತಿಂಗಳು ದೂರ ಇಟ್ಟು, ರೋಗವಿಲ್ಲ ಅಂತ ಖಾತ್ರಿಯಾದ ಮೇಲೆ ಚುಕ್ಕಿಯ ಜೊತೆ ಸೇರಿಸಿ. ಗಂಡು ಆಮೇಲೆ.

ಅಷ್ಟರಲ್ಲಿ ಚುಕ್ಕಿಯ ಕತ್ತು ಮುಚ್ಚಿಕೊಂಡಿರುತ್ತದೆ. ಬುಡಸಮೇತ ಕಿತ್ತುಹೋದ ಪುಕ್ಕ ಕೆಲವೇ ವಾರದಲ್ಲಿ ಮತ್ತೆ ಮೂಡುತ್ತದೆ. ಮೊದಲು ಚರ್ಮದ ಮೇಲೆ ನೀಲಿ ಮುಳ್ಳಿನ ಹಾಗೆ ಕಾಣುತ್ತದೆ. ಆ ಮುಳ್ಳಿನೊಳಗೆ ರಕ್ತ ಇರುತ್ತದೆ, ಮುಟ್ಟಿದರೆ ನೋವು, ಸುಮ್ನೆ ಬಿಡಿ. ನಡುವೆ ಮುರಿದ ಪುಕ್ಕ ಮಾತ್ರ ಮುಂದಿನ ಸಲ ಪುಕ್ಕ ಉದುರಿಸುವ ತನಕ ಹಾಗೇ ಇರುತ್ತದೆ. ಪುಕ್ಕ ಅಂದರೆ ಪ್ರೋಟೀನು, ಅದಕ್ಕೇ ಈಗ ಮೇವಿನಲ್ಲಿ ಪ್ರೋಟೀನು 16ರಿಂದ 18 ಶೇಕಡಾ ಇರುವ ಹಾಗೆ ನೋಡಿಕೊಳ್ಳಿ. ತಲೆ ಪೂರ್ತಿ ಮುಳುಗಿಸುವಷ್ಟು ಆಳದ ಶುದ್ಧ ನೀರು ಯಾವಾಗಲೂ ಹತ್ತಿರ ಇರಲಿ. ಕಣ್ಣು ಮೂಗು ತೊಳೆದುಕೊಳ್ಳಲು ಅವಳಿಗೆ ಅದು ಬೇಕು. ಈಜು ಗಾಯ ಒಣಗಿದ ಮೇಲೆ.

ಪುಕ್ಕ ತುಂಬಿದ ಮೇಲೆ, ಕುಂಟು ಪೂರ್ತಿ ಹೋದ ಮೇಲೆ, ಮೂರರಲ್ಲಿ ಮೆತ್ತಗಿರುವ ಗಂಡೊಂದನ್ನು ಒಂದು ಸಂಜೆ ಅರ್ಧ ಗಂಟೆ ಬಿಟ್ಟು ನೋಡಿ. ಬೆಳಿಗ್ಗೆ ಬೇಡ. ಹಿತ್ತಲಲ್ಲಿ ಅಲ್ಲಲ್ಲಿ ಹಲಗೆ ಓರೆಯಾಗಿ ಒರಗಿಸಿ, ಎರಡೂ ಕಡೆ ತೆರೆದ ಪೆಟ್ಟಿಗೆ ಇಡಿ. ಒಂದೇ ಬಾಗಿಲಿನ ಅಡಗುತಾಣ ಅವಳಿಗೆ ಬೋನಾಗುತ್ತದೆ. ನೀವು ಅಲ್ಲೇ ಕೂತಿರಿ, ನೋಡಬೇಕಾದದ್ದು ಗಂಡನ್ನಲ್ಲ, ಚುಕ್ಕಿಯನ್ನು. ಅವಳು ಮೇಯುವುದು ನಿಲ್ಲಿಸದಿದ್ದರೆ, ಅವನು ಹತ್ತಿರ ಬಂದಾಗ ತಾನೂ ತಲೆ ಆಡಿಸಿದರೆ, ಮರುದಿನ ಇನ್ನರ್ಧ ಗಂಟೆ ಬಿಡಬಹುದು. ಅವಳು ಗೋಡೆಗೆ ಒತ್ತಿ ನಿಂತು ಕತ್ತು ಒಳಗೆಳೆದುಕೊಂಡರೆ, ಇಲ್ಲವೇ ನಿಮ್ಮ ಕಾಲ ಹತ್ತಿರ ಓಡಿ ಬಂದರೆ, ಅವತ್ತಿಗೆ ಅಷ್ಟೇ. ಗಂಡನ್ನು ಎತ್ತಿಕೊಂಡು ಹೋಗಿ ಅವನ ಗೂಡಿಗೆ ಬಿಡಿ, ಪುಕ್ಕ ಉದುರಿಸುವ ಕಾಲ ಮುಗಿಯುವ ತನಕ ಮತ್ತೆ ಪ್ರಯತ್ನಿಸಬೇಡಿ.